ಪಟ್ಟಾಭಿರಾಮರೆಡ್ಡಿಯವರೂ ‘ಸಂಸ್ಕಾರ’ವೂ

ಚಲಚ್ಚಿತ್ರದಲ್ಲಿ ಹಣ ತೊಡಗಿಸಿದವರು ಲಾಭವನ್ನು ಅಪೇಕ್ಷಿಸುವುದು ಸಹಜವೇ ಸರಿ, ಅದನ್ನು ನಿಂದಿಸಲಾಗದು. ಆದರೆ ಲಾಭದ ಹಾದಿಯನ್ನು ಬಲ್ಲವರಾಗಿಯೂ, ಸಮಾಜವು ಕೇಳಲೊಲ್ಲದ ಪ್ರಶ್ನೆಯೊಂದಕ್ಕಾಗಿ ಹಣವನ್ನೂ ಕಾಲವನ್ನೂ ವ್ಯಯಮಾಡಿದವರು ವಿರಳ. ಪಟ್ಟಾಭಿರಾಮರೆಡ್ಡಿಯವರು ಅಂತಹವರು.

ಇವರು 1919ರಲ್ಲಿ ಜನಿಸಿದ ನೆಲ್ಲೂರಿನವರು. ಯೌವನದಲ್ಲಿಯೇ ತೆಲುಗಿನ ನವೀನ ಕವಿಯೆಂದು ಹೆಸರಾಗಿ, 1958ರಲ್ಲಿ ‘ಪೆಳ್ಳಿನಾಟಿ ಪ್ರಮಾಣಾಲು’ ಎಂಬ ತೆಲುಗು ಚಿತ್ರವನ್ನು ನಿರ್ಮಿಸಿದರು. ಪತ್ನಿ ಸ್ನೇಹಲತಾರೆಡ್ಡಿಯವರು ಮದರಾಸಿನ ರಂಗಭೂಮಿಯಲ್ಲಿ ನುರಿತ ನಟಿ. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾರವರ ವಿಚಾರಗಳಿಗೆ ಒಲಿದವರು.

1965ರಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯು ಪ್ರಕಟವಾಯಿತು. ರೆಡ್ಡಿಯವರು ಅದನ್ನೇ ಚಿತ್ರವಾಗಿಸಲು ನಿಶ್ಚಯಿಸಿ, ನಿರ್ಮಾಣ ನಿರ್ದೇಶನಗಳೆರಡನ್ನೂ ತಾವೇ ವಹಿಸಿಕೊಂಡರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿಯೂ, ಪಿ. ಲಂಕೇಶರು ನಾರಣಪ್ಪನಾಗಿಯೂ, ಸ್ನೇಹಲತಾ ಅವರು ಚಂದ್ರಿಯಾಗಿಯೂ ಅಭಿನಯಿಸಿದರು. ಛಾಯಾಗ್ರಾಹಕರಾದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಚಿತ್ರೀಕರಣ ನಡೆದುದು ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ. ಅದು ಮಲೆನಾಡಿನ ಕೊಪ್ಪದ ಸೀಮೆ. ಕಾವೇರೀತೀರದ ನಮ್ಮ ಪಿರಿಯಾಪಟ್ಟಣದ ಕೊಪ್ಪವಲ್ಲ. ಹೆಸರೊಂದೇ ಆದುದರಿಂದ ಹೇಳಬೇಕಾಯಿತು.

ಕಥೆಯು ವಾಚಕರಿಗೆ ತಿಳಿದುದೇ. ಆಚಾರಗಳನ್ನೆಲ್ಲ ಧಿಕ್ಕರಿಸಿದ್ದ ನಾರಣಪ್ಪನು ಪ್ಲೇಗಿನಿಂದ ಸಾಯುವನು. ಅವನ ಶವಸಂಸ್ಕಾರವನ್ನು ಯಾರು ಮಾಡಬೇಕು? ಮಾಡುವವರಿಗೆಂದು ಚಂದ್ರಿಯು ತನ್ನ ಒಡವೆಗಳನ್ನು ಬಿಚ್ಚಿಡುತ್ತಲೇ ಕೆಲವರ ಧರ್ಮಸೂಕ್ಷ್ಮವು ಮೆತ್ತಗಾಗುವುದು. ಆಚಾರ್ಯರು ಗ್ರಂಥಗಳನ್ನು ತಿರುವುತ್ತಿರಲು ಇಲಿಗಳು ಬೀಳುತ್ತಿರುವುವು, ಹದ್ದುಗಳು ಎರಗುತ್ತಿರುವುವು. ಕಡೆಗೆ ಅಹಮದ್ ಬ್ಯಾರಿಯೆಂಬ ಮುಸಲ್ಮಾನನೊಬ್ಬನು ಚಂದ್ರಿಯ ಮೊರೆಗೆ ಓಗೊಟ್ಟು, ರಾತ್ರಿಯಲ್ಲಿ ಶವವನ್ನು ದಹನಮಾಡುವನು.

ಇದು ಶಾಸ್ತ್ರನಿಂದೆಯೆಂದು ಹಲವರು ಕೆರಳಿದರು. ಶಾಸ್ತ್ರಗಳನ್ನು ಅಲ್ಪಸ್ವಲ್ಪ ಓದಿದ ನನಗೆ ಹಾಗೆ ತೋರುವುದಿಲ್ಲ. ದಿಕ್ಕಿಲ್ಲದವನ ಪ್ರೇತಸಂಸ್ಕಾರವು ಯಜ್ಞಕ್ಕೆ ಸಮನಾದ ಪುಣ್ಯವೆಂದು ಹೇಳಿದವರು ನಮ್ಮ ಪೂರ್ವಿಕರೇ ಅಲ್ಲವೆ? ಆ ಅಗ್ರಹಾರದಲ್ಲಿ ಶಾಸ್ತ್ರದಂತೆ ನಡೆದವನು ಬ್ಯಾರಿಯೊಬ್ಬನೇ ಎಂದರೆ ಸಲ್ಲುವುದು. ಆದರೂ ಅಗ್ರಹಾರದ ಇತರ ಬ್ರಾಹ್ಮಣರನ್ನು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಎರಕಹೊಯ್ದಿರುವುದು ನನಗೆ ಅಷ್ಟಾಗಿ ರುಚಿಸಲಿಲ್ಲ.

ಸೆನ್ಸಾರ್ ಮಂಡಲಿಯು ಮೊದಲು ಚಿತ್ರವನ್ನು ನಿಷೇಧಿಸಿತು. ಪ್ರದರ್ಶನವಿಲ್ಲದ ಚಿತ್ರದ ಸಾಲವೆಂದರೇನೆಂಬುದನ್ನು ಸಂಸಾರಸ್ಥರಿಗೆ ವಿವರಿಸಬೇಕಾಗಿಲ್ಲ. ರೆಡ್ಡಿಯವರು ಹಿಂಜರಿಯಲಿಲ್ಲ, ನಿಷೇಧವು ತೆರವಾಯಿತು. 1970ನೆಯ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ಅದಕ್ಕೇ ಸಂದಿತು. ಆ ಗೌರವವು ಕನ್ನಡಕ್ಕೆ ಬಂದುದು ಅದೇ ಮೊದಲು.

ಆದರೆ ಈ ಮನೆತನವು ತೆತ್ತ ಬೆಲೆಯು ಬೇರೆಯೇ ಇದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಸ್ನೇಹಲತಾ ಅವರನ್ನು ಬಂಧಿಸಿದರು. ಜಾರ್ಜ್ ಫರ್ನಾಂಡಿಸರ ಸ್ನೇಹವೇ ಆಕೆಗೆ ಮುಳುವಾಯಿತು. ಉಬ್ಬಸದಿಂದ ನರಳುತ್ತಿದ್ದ ಆ ಸಾಧ್ವಿಯನ್ನು ಬೆಂಗಳೂರಿನ ಸೆರೆಮನೆಯಲ್ಲಿ ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಇರಿಸಿದರು. ಅಲ್ಲಿ ಆಕೆ ಬರೆದಿಟ್ಟ ದಿನಚರಿಯು ಮುಂದೆ ಅಚ್ಚಾಯಿತು. 1977ರ ಜನವರಿ ಮಧ್ಯದಲ್ಲಿ ಪೆರೋಲಿನ ಮೇಲೆ ಹೊರಬಂದವರು 20ರಂದು ತೀರಿಕೊಂಡರು.

ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನು ಆಧರಿಸಿ ರೆಡ್ಡಿಯವರು ಮಾಡಿದ ‘ಚಂಡಮಾರುತ’ವು ತೆರೆಕಂಡುದು ಆ ವರ್ಷದಲ್ಲಿಯೇ. ಬಳಿಕ ‘ಶೃಂಗಾರಮಾಸ’, 1993ರಲ್ಲಿ ‘ದೇವರಕಾಡು’. ಚಿತ್ರಗಳ ಸಂಖ್ಯೆ ಸ್ವಲ್ಪವೇ. 2006ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಪತ್ನಿಯ ಮರಣಾನಂತರ 29 ವರ್ಷಗಳು ಬಾಳಿದ್ದರು.