ಕಪ್ಪತಗುಡ್ಡ: ಘೋಷಣೆಯ ನಂತರದ ಹೊಣೆ

ಗದಗ, ಮುಂಡರಗಿ ಹಾಗೂ ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವು ಬಯಲುಸೀಮೆಗೆ ನೀರು, ಮೇವು, ಮದ್ದು ಮೂರನ್ನೂ ಕೊಡುತ್ತ ಬಂದಿರುವ ತಾಣ. 2019ರಲ್ಲಿ ರಾಜ್ಯ ಸರ್ಕಾರವು ಇಲ್ಲಿಯ 244.15 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಿದಾಗ ಗುಡ್ಡಕ್ಕೆ ಕಾನೂನಿನ ಬೇಲಿ ದೊರೆಯಿತು. ಆದರೆ ಬೇಲಿ ಹಾಕಿದ ಮಾತ್ರಕ್ಕೆ ಹೊಲ ಫಲ ಕೊಡದು. ಇದರ ಸಂರಕ್ಷಣೆಗೆಂದು ಸಾರ್ವಜನಿಕ ಬೊಕ್ಕಸದಿಂದ ಬರುವ ಹಣವು ಯಾವ ಕೆಲಸಕ್ಕೆ, ಯಾರ ಕೈಯಿಂದ, ಯಾರ ಕಣ್ಣೆದುರಿನಲ್ಲಿ ವೆಚ್ಚವಾಗಬೇಕು ಎಂಬುದೇ ಈಗ ನಮ್ಮ ಮುಂದಿರುವ ಪ್ರಶ್ನೆ.

ಈ ಬೇಲಿ ಸುಲಭವಾಗಿ ಬಂದುದಲ್ಲ. 2015ರಲ್ಲಿ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿದ ಸರ್ಕಾರವು 2016ರಲ್ಲಿ ಆ ಆದೇಶವನ್ನು ಹಿಂಪಡೆಯಿತು. ಗಣಿಗಾರಿಕೆಗೆ ಬಾಗಿಲು ತೆರೆಯುವುದೆಂಬ ಆತಂಕ ಜನರಲ್ಲಿ ಹುಟ್ಟಿತು. ಲಿಂಗೈಕ್ಯ ಜಗದ್ಗುರು ತೋಂಟದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು 2017ರಲ್ಲಿ ಗದಗಿನಲ್ಲಿ ನಡೆದ ಧರಣಿಯ ಮುಂಚೂಣಿಯಲ್ಲಿ ನಿಂತರು. ಗುಡ್ಡದಲ್ಲೇ ನೆಲೆಸಿರುವ ನಂದಿವೇರಿ ಮಠದ ಶ್ರೀಗಳು, ರೈತರು, ಪರಿಸರ ಸಂಘಟನೆಗಳು ಕೈಜೋಡಿಸಿದವು. ಅದೇ ವರ್ಷ ಮೀಸಲು ಸ್ಥಾನಮಾನ ಮರಳಿ ಬಂದಿತು. 2018ರಲ್ಲಿ ಲಿಂಗೈಕ್ಯರಾದ ಪೂಜ್ಯರು ವನ್ಯಜೀವಿಧಾಮದ ಘೋಷಣೆಯನ್ನು ಕಾಣಲಿಲ್ಲ. ಅದಕ್ಕೆ ನೆಲ ಹದಮಾಡಿದವರಲ್ಲಿ ಅವರು ಅಗ್ರಗಣ್ಯರು.

ಮೀಸಲು ಪ್ರದೇಶಕ್ಕೂ ವನ್ಯಜೀವಿಧಾಮಕ್ಕೂ ಕಾನೂನಿನಲ್ಲಿ ಅಂತರವಿದೆ. ವನ್ಯಜೀವಿಧಾಮದಲ್ಲಿ ಅರಣ್ಯ ಉತ್ಪನ್ನಗಳನ್ನು ವ್ಯಾಪಾರಕ್ಕೆಂದು ತೆಗೆಯುವಂತಿಲ್ಲ. ಜಾನುವಾರು ಮೇಯಿಸುವುದನ್ನು ನಿಯಂತ್ರಿಸುವ, ಬೇಕಾದರೆ ನಿಷೇಧಿಸುವ ಅಧಿಕಾರ ಅರಣ್ಯಾಧಿಕಾರಿಗಳಿಗಿದೆ. ಗಣಿಯ ಕನಸು ಕಂಡವನಿಗೆ ಇದರಿಂದ ಆಗುವುದು ಲಾಭದ ನಷ್ಟ. ಕುರಿಗಾಹಿಗೆ ಆಗುವುದು ಅನ್ನದ ಕೊರತೆ. ಗುಡ್ಡದ ಶುದ್ಧ ಗಾಳಿಯ ಫಲವನ್ನು ಇಡೀ ನಾಡು ಉಣ್ಣುವಾಗ ಅದರ ಬೆಲೆಯನ್ನು ಅಂಚಿನ ಬಡವರೊಬ್ಬರೇ ತೆರುವುದು ಧರ್ಮವಲ್ಲ. ಆದುದರಿಂದ ಸರ್ಕಾರದ ಹಣವು ಆ ಊರುಗಳಿಗೆ ಉಪಕಾರವೆಂದು ಬರಬಾರದು, ಸಲ್ಲಬೇಕಾದ ಬಾಕಿಯೆಂದು ಬರಬೇಕು.

ಹಣದ ಮೂಲಗಳು ಇಲ್ಲವೆಂದಲ್ಲ. ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಪಡೆದವರಿಂದ ವಸೂಲಾಗುವ ಪರಿಹಾರ ಮೊತ್ತಕ್ಕಾಗಿ 2016ರಲ್ಲಿ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಬಂದಿತು. 2019ರಲ್ಲಿ ಕೇಂದ್ರವು ಈ ನಿಧಿಯಿಂದ ರಾಜ್ಯಗಳಿಗೆ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ವರ್ಗಾಯಿಸಿತು. ಇದಲ್ಲದೆ ಅರಣ್ಯ ಇಲಾಖೆಯ ವಾರ್ಷಿಕ ಅನುದಾನವಿದೆ, ಗ್ರಾಮೀಣ ಉದ್ಯೋಗದ ಕಾಮಗಾರಿಗಳಿವೆ. ಕೊರತೆಯಿರುವುದು ಹಣ ಮತ್ತು ನೆಲದ ಅಗತ್ಯದ ನಡುವಿನ ಹೊಂದಾಣಿಕೆಯಲ್ಲಿ.

ಮೊದಲನೆಯದು ಹುಲ್ಲಿನ ಮಾತು. ಕಪ್ಪತಗುಡ್ಡವು ಮಲೆನಾಡಿನಂಥ ದಟ್ಟ ಕಾಡಲ್ಲ. ಕುರುಚಲು ಪೊದೆ, ಒಣ ಎಲೆ ಉದುರುವ ಮರಗಳು, ವಿಶಾಲ ಹುಲ್ಲುಗಾವಲು ಇದರ ಸಹಜ ರೂಪ. ತೋಳ, ಕತ್ತೆಕಿರುಬ, ಕೃಷ್ಣಮೃಗಗಳಿಗೆ ಬೇಕಾದುದು ಇಂಥ ತೆರೆದ ನೆಲವೇ. ಸಸಿ ನೆಟ್ಟರೆ ಎಣಿಸಬಹುದು, ಫಲಕ ಹಾಕಬಹುದು; ಹುಲ್ಲನ್ನು ಉಳಿಸಿದ್ದಕ್ಕೆ ಲೆಕ್ಕ ತೋರಿಸುವುದು ಕಷ್ಟ. ಹಾಗೆಂದು ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಅನ್ಯದೇಶದ ಮರ ಬೆಳೆಸುವುದು ಗುಡ್ಡಕ್ಕೆ ಮಾಡುವ ಸೇವೆಯಾಗದು.

ಎರಡನೆಯದು ಬೆಂಕಿ. ಚಳಿಗಾಲ ಮುಗಿಯುತ್ತಲೇ ಹುಲ್ಲು ಒಣಗಿ, ಒಂದು ಕಿಡಿಗೆ ಎಕರೆಗಟ್ಟಲೆ ಉರಿಯುತ್ತದೆ. ಔಷಧೀಯ ಗಿಡಗಳೂ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳೂ ಬೂದಿಯಾಗುತ್ತವೆ. ಇದನ್ನು ತಡೆಯುವವರು ಬೆಂಕಿರೇಖೆ ಕಡಿಯುವ, ಹಸಿ ಸೊಪ್ಪು ಹಿಡಿದು ಉರಿಗೆ ಎದುರಾಗುವ ದಿನಗೂಲಿಯ ಕಾವಲುಗಾರರು. ಬೆಂಕಿಯ ಕಾಲ ಮಾರ್ಚ್ 31ನ್ನು ದಾಟಿ ಸಾಗುತ್ತದೆ. ಸರ್ಕಾರದ ಲೆಕ್ಕಪತ್ರದ ವರ್ಷ ಅಂದೇ ಮುಗಿಯುತ್ತದೆ. ಅವರ ಕೂಲಿ ಈ ಎರಡರ ನಡುವೆ ಸಿಲುಕದಂತೆ ಮೊದಲೇ ಹಣ ತೆಗೆದಿರಿಸಬೇಕು. ಕುರಿಗಾಹಿಯನ್ನು ಸಂಶಯದಿಂದ ನೋಡುವ ಬದಲು ಕಾವಲಿನ ಕಾಯಕಕ್ಕೆ ಕರೆದರೆ, ಹುಲ್ಲನ್ನು ಕೊಯ್ದು ಒಯ್ಯಲು ಕ್ರಮಬದ್ಧ ಅವಕಾಶ ನೀಡಿದರೆ, ಗುಡ್ಡದ ದಾರಿ ಬಲ್ಲವನೇ ಅದರ ರಕ್ಷಕನಾಗುತ್ತಾನೆ.

ಇದಕ್ಕೆ ಕಾನೂನಿನಲ್ಲಿ ಸ್ಥಳವಿದೆ. ವನ್ಯಜೀವಿಧಾಮದ ಸಲಹಾ ಸಮಿತಿಯಲ್ಲಿ ಪಂಚಾಯತ್ ಸಂಸ್ಥೆಗಳ ಮೂವರು ಪ್ರತಿನಿಧಿಗಳಿರಬೇಕೆಂದು ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಆ ಪ್ರತಿನಿಧಿಗಳು ಗುಡ್ಡದಂಚಿನ ಊರುಗಳ ದನಿಯಾಗಬೇಕು. ವರ್ಷದ ಕಾಮಗಾರಿಗಳ ಪಟ್ಟಿ, ಮೊತ್ತ, ಕೂಲಿ ಪಡೆದವರ ವಿವರಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ದಾಸೋಹದಲ್ಲಿ ಬಡಿಸುವವನಿಗೆ ಅಹಂಕಾರವಿರಬಾರದು, ಉಣ್ಣುವವನಿಗೆ ಸಂಕೋಚವಿರಬಾರದು. ಸಾರ್ವಜನಿಕ ಹಣದ ವಿನಿಯೋಗಕ್ಕೂ ಈ ನೀತಿ ಸಲ್ಲುತ್ತದೆ.

ಭಕ್ತಾದಿಗಳ ಪಾಲಿಗೂ ಕರ್ತವ್ಯವಿದೆ. ಕಪ್ಪತಮಲ್ಲಯ್ಯನ ದರ್ಶನಕ್ಕೆ ಗುಡ್ಡ ಹತ್ತುವವರು ಪ್ಲಾಸ್ಟಿಕ್ ಬಿಟ್ಟು ಬರಬಾರದು, ಒಲೆ ಹೂಡಿದ ಕೆಂಡವನ್ನು ಆರಿಸದೆ ಏಳಬಾರದು, ಬೇರುಸಹಿತ ಗಿಡಮೂಲಿಕೆ ಕೀಳಬಾರದು. ಅಂಚಿನ ಊರುಗಳ ಬಂಧುಗಳು ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಗುಡ್ಡದ ಹೆಸರಿನಲ್ಲಿ ಬಂದ ಹಣದ ಲೆಕ್ಕವನ್ನು ವಿನಯದಿಂದ, ದೃಢವಾಗಿ ಕೇಳಬೇಕು. ಪೂಜ್ಯರು ಹೋರಾಡಿ ಉಳಿಸಿಕೊಟ್ಟ ಗುಡ್ಡವನ್ನು ಕಾಯುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.