ಒಂಬತ್ತರ ಮೇಲೊಂಬತ್ತು

೨೦೨೪ರ ಅಕ್ಟೋಬರ್ ೧೧ರಂದು ಕನ್ನಡನಾಡಿನ ಮನೆಮನೆಗಳಲ್ಲಿ ಆಯುಧಪೂಜೆಯ ಸಂಭ್ರಮ. ಅದೇ ದಿನ ಚೀನ ದೇಶದಲ್ಲಿಯೂ ಒಂದು ಹಬ್ಬ. ಇದು ಬರಿಯ ಆಕಸ್ಮಿಕವಲ್ಲ. ಚೀನೀಯರ ಒಂಬತ್ತನೆಯ ಚಾಂದ್ರಮಾಸವು ಬಹುಮಟ್ಟಿಗೆ ಆಶ್ವಯುಜದೊಡನೆಯೇ ಸಾಗುತ್ತದೆ. ಆ ಮಾಸದ ಒಂಬತ್ತನೆಯ ದಿನವು ಮಹಾನವಮಿಯ ದಿನವೇ ಅಥವಾ ಅದರ ಆಸುಪಾಸಿನಲ್ಲಿ ಬರುವುದು ಸಹಜ. ಎರಡು ಪಂಚಾಂಗಗಳ ಅಧಿಕಮಾಸದ ಲೆಕ್ಕ ಹೊಂದದಿದ್ದಾಗ ಮಾತ್ರ, ೨೦೨೫ರಲ್ಲಾದಂತೆ, ನಡುವೆ ಸುಮಾರು ಒಂದು ತಿಂಗಳಿನ ಅಂತರ ಬೀಳುತ್ತದೆ.

ಈ ಹಬ್ಬದ ಹೆಸರು ಚೋಂಗ್‌ಯಾಂಗ್. ಎಂದರೆ ‘ಇಮ್ಮಡಿ ಯಾಂಗ್’. ಬೆಸಸಂಖ್ಯೆಗಳಲ್ಲಿ ಯಾಂಗ್, ಅಂದರೆ ಬೆಳಕು ಬಿಸುಪುಗಳ ಅಂಶವಿದೆಯೆಂದೂ ಅವುಗಳಲ್ಲಿ ಒಂಬತ್ತೇ ಹಿರಿದೆಂದೂ ಪ್ರಾಚೀನ ಚೀನೀಯರ ನಂಬಿಕೆ. ತಿಂಗಳೂ ಒಂಬತ್ತು, ದಿನವೂ ಒಂಬತ್ತು ಆದುದರಿಂದ ಈ ಹೆಸರು.

ಇದರ ಮೂಲವನ್ನು ಕುರಿತು ಒಂದು ಕಥೆಯುಂಟು. ಹಾನ್ ವಂಶದ ಕಾಲದಲ್ಲಿ ಹುವಾನ್ ಜಿಂಗ್ ಎಂಬಾತನಿಗೆ ಅವನ ಗುರು ಫೇ ಚಾಂಗ್‌ಫಾಂಗ್, “ಒಂಬತ್ತನೆಯ ತಿಂಗಳ ಒಂಬತ್ತರಂದು ನಿನ್ನ ಮನೆಗೆ ವಿಪತ್ತಿದೆ” ಎಂದು ಎಚ್ಚರಿಸಿದನಂತೆ. ಗುರುವಿನ ಮಾತಿನಂತೆ ಆತನು ಮನೆಮಂದಿಯ ತೋಳುಗಳಿಗೆ ಝೂಯೂ ಎಂಬ ಸುವಾಸನೆಯ ಗಿಡವನ್ನು ಚೀಲದಲ್ಲಿ ಕಟ್ಟಿಸಿ, ಎಲ್ಲರನ್ನೂ ಬೆಟ್ಟಕ್ಕೆ ಕರೆದೊಯ್ದು, ಸೇವಂತಿಗೆಯ ಮದ್ಯವನ್ನು ಸೇವಿಸಿದನು. ಸಂಜೆ ಮರಳಿ ನೋಡಿದರೆ ಹಟ್ಟಿಯಲ್ಲಿದ್ದ ಕೋಳಿ, ನಾಯಿ, ಕುರಿ, ದನಗಳೆಲ್ಲ ಸತ್ತುಬಿದ್ದಿದ್ದುವು!

ಅಂದಿನಿಂದ ಈ ದಿನ ಬೆಟ್ಟವೇರುವುದು, ಸೇವಂತಿಗೆಯನ್ನು ನೋಡಿ ನಲಿಯುವುದು ವಾಡಿಕೆಯಾಯಿತೆಂದು ಹೇಳುವರು. ಹಾಂಗ್‌ಕಾಂಗ್‌ನಲ್ಲಿ ಅಂದು ಸಾರ್ವಜನಿಕ ರಜೆ. ಕುಟುಂಬಗಳು ಪಿತೃಗಳ ಸಮಾಧಿಗಳಿಗೆ ಹೋಗಿ ಗುಡಿಸಿ, ಪೂಜಿಸಿ ಬರುತ್ತವೆ.

ಆದರೆ ಬೆಟ್ಟವಿಲ್ಲದ ಬಯಲುಸೀಮೆಯವರ ಗತಿಯೇನು? ಮೊಣಕಾಲು ಸೋತ ಮುದುಕರ ಗತಿಯೇನು? ಅದಕ್ಕೂ ಉಪಾಯ ಉಂಟು. ಅಕ್ಕಿಹಿಟ್ಟಿನ ಕಡುಬಿನಂಥ ಒಂದು ಭಕ್ಷ್ಯಕ್ಕೆ ಚೀನೀ ಭಾಷೆಯಲ್ಲಿ ‘ಗಾವ್’ ಎಂದು ಹೆಸರು. ‘ಎತ್ತರ’ ಎಂಬ ಪದದ ಉಚ್ಚಾರಣೆಯೂ ಅದೇ. ಕುಳಿತಲ್ಲಿಯೇ ಗಾವ್ ತಿಂದರೆ ಎತ್ತರಕ್ಕೆ ಏರಿದಂತೆಯೇ ಸರಿ.

ಒಂಬತ್ತನ್ನು ಸೂಚಿಸುವ ‘ಜ್ಯೂ’ ಎಂಬ ಧ್ವನಿಗೆ ‘ಬಹುಕಾಲ’ ಎಂಬ ಅರ್ಥವೂ ಇರುವುದರಿಂದ ಈ ದಿನ ದೀರ್ಘಾಯುಷ್ಯದ ದಿನವೂ ಆಯಿತು. ೧೯೮೯ರಲ್ಲಿ ಚೀನ ಸರಕಾರವು ಇದನ್ನು ವೃದ್ಧರ ದಿನವೆಂದು ಗೊತ್ತುಮಾಡಿತು. ೨೦೧೩ರ ಜುಲೈ ೧ರಿಂದ ಜಾರಿಗೆ ಬಂದ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ವೃದ್ಧರಿಂದ ಬೇರೆಯಾಗಿರುವ ಮಕ್ಕಳು ಆಗಾಗ ಬಂದು ನೋಡಬೇಕು, ಇಲ್ಲವೆ ಕ್ಷೇಮ ವಿಚಾರಿಸುತ್ತಿರಬೇಕು. ೨೦೨೦ರ ಜನಗಣತಿಯಂತೆ ಅಲ್ಲಿ ಅರುವತ್ತು ದಾಟಿದವರು ೨೬ ಕೋಟಿಗೂ ಹೆಚ್ಚು. ದುಡಿಯುವ ಮಕ್ಕಳು ದೂರದ ನಗರಗಳಲ್ಲಿ. ಹಿರಿಯರು ಹಳ್ಳಿಯ ಮನೆಗಳಲ್ಲಿ.

ಹಳೆಯ ಕಥೆಯ ಹುವಾನ್ ಜಿಂಗ್ ಬೆಟ್ಟಕ್ಕೆ ಹೊರಟಾಗ ಮನೆಯವರಲ್ಲಿ ಒಬ್ಬರನ್ನೂ ಹಿಂದೆ ಬಿಟ್ಟು ಹೋಗಲಿಲ್ಲ. ಅದಕ್ಕೆ ಆತನಿಗೆ ಯಾವ ಕಾಯಿದೆಯೂ ಬೇಕಾಗಿರಲಿಲ್ಲ.