ಹಳೆಯ ಲ್ಯಾಪ್‌ಟಾಪಿನೊಳಗಿನ ಕನ್ನಡ

ಹಳೆಯ ಲ್ಯಾಪ್‌ಟಾಪೊಂದರಲ್ಲಿರುವ ಕನ್ನಡ ಬರಹವನ್ನು ಹೆಚ್ಚುಕಡಿಮೆ ಅಷ್ಟೇ ಹಳೆಯದಾದ ಇನ್ನೊಂದಕ್ಕೆ ಸಾಗಿಸಿದ ಮಾತ್ರಕ್ಕೆ ಆ ಬರಹವು ಉಳಿಯಿತೆಂದು ನಿಶ್ಚಿಂತರಾಗಿ, ಮೊದಲಿನದನ್ನು ಗುಜರಿಗೆ ಹಾಕಿಬಿಡುವ ರೂಢಿಯು ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವುದನ್ನು ಕಂಡು ವ್ಯಥೆಯಾಗುತ್ತದೆ. ನಮ್ಮ ತಂದೆಯವರು ಹಿಂದೆ ಬೆರಳಚ್ಚಿಸಿಟ್ಟಿದ್ದ ಊರಿನ ಇತಿಹಾಸವನ್ನು, ವಿಂಡೋಸ್ ಎಕ್ಸ್‌ಪಿಯ ಕಾಲದ ಯಂತ್ರದಿಂದ ಅದಕ್ಕಿಂತ ನಾಲ್ಕಾರು ವರ್ಷ ಕಿರಿಯದಾದ ಮತ್ತೊಂದಕ್ಕೆ ಸಾಗಿಸಲು ಹೋದ ಬೇಸಗೆಯಲ್ಲಿ ಕುಳಿತಾಗ ಇದರ ಅಪಾಯವು ನನಗೆ ಮನದಟ್ಟಾಯಿತು.

ಸಾಗಣೆಯೇನೋ ಕ್ಲಿಷ್ಟವಾದ ಕಾರ್ಯವಲ್ಲ. ಕೇವಲ ಬರಹವಾದರೆ ಪೆನ್‌ಡ್ರೈವೊಂದು ಸಾಕು. ಚಿತ್ರಗಳೂ ಕೂಡಿ 10 ಗಿಗಾಬೈಟಿನಷ್ಟಿದ್ದರೆ, ಯುಎಸ್‌ಬಿಯ ಮೊದಲ ಪೀಳಿಗೆಯ ಯಂತ್ರದಲ್ಲಿ ಮೂರು ಗಂಟೆಯ ಸಮೀಪ ಹಿಡಿಯುವ ಆ ಕೆಲಸವು, ಎರಡು ಯಂತ್ರಗಳಿಗೂ ನೆಟ್‌ವರ್ಕ್ ಕೇಬಲ್ಲೊಂದನ್ನು ನೇರವಾಗಿ ಜೋಡಿಸಿದಲ್ಲಿ, 100 ಮೆಗಾಬಿಟ್ಟಿನ ಹಳೆಯ ಪೋರ್ಟಿನಲ್ಲಿಯೂ ಕಾಲು ಗಂಟೆಯಲ್ಲಿ ಮುಗಿದೀತು. ಅಂಥ ಪೋರ್ಟುಗಳಿಗೆ ಕ್ರಾಸ್‌ಓವರ್ ಕೇಬಲ್ಲೇ ಬೇಕಾಗುವುದುಂಟು. ಕಟ್ ಎಂಬ ಆಜ್ಞೆಯ ಗೊಡವೆಗೆ ಹೋಗದೆ ಕಾಪಿಯನ್ನೇ ಮಾಡತಕ್ಕದ್ದು.

ಕಷ್ಟವು ಮೊದಲಾದುದು ತದನಂತರ. ಕಡತಗಳೆಲ್ಲವೂ ಒಂದೂ ತಪ್ಪದೆ ಬಂದು ಸೇರಿದ್ದುವು. ತೆರೆದು ನೋಡಿದರೆ ಕನ್ನಡವೇ ಇರಲಿಲ್ಲ. ‘ಕನ್ನಡ’ ಎಂಬ ಪದವಿರಬೇಕಾದಲ್ಲಿ ರೋಮನ್ ಲಿಪಿಯ ಪಿ, ತಲೆಯ ಮೇಲೆ ಓರೆಗೀಟುಳ್ಳ ಎ, ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ಜರ್ಮನ್ ಭಾಷೆಯ ಒಂದು ವಿಶೇಷಾಕ್ಷರ, ಕ್ಯೂ ಮುಂತಾದುವು ಸಾಲಾಗಿ ನಿಂತಿದ್ದುವು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಂದಿನ ಫಾಂಟುಗಳು ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದ್ದುವಾದ್ದರಿಂದ, ಕಡತದೊಳಗೆ ನಿಜವಾಗಿ ಇದ್ದುದು ಆ ರೋಮನ್ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪವನ್ನು ಕೊಡುತ್ತಿದ್ದ ಫಾಂಟು ಹಳೆಯ ಯಂತ್ರದಲ್ಲಿಯೇ ಉಳಿದುಬಿಟ್ಟಿತ್ತು. ಆ ತಂತ್ರಾಂಶಗಳನ್ನು ಹಳಿಯುವ ಇಚ್ಛೆ ನನಗೆ ಲೇಶವೂ ಇಲ್ಲ. ಗಣಕದಲ್ಲಿ ಕನ್ನಡವನ್ನು ಬರೆಯುವುದೇ ದುಸ್ತರವಾಗಿದ್ದ ದಿನಗಳಲ್ಲಿ ನಮ್ಮ ಹಿರಿಯರ ಕೈ ಹಿಡಿದವು ಅವೇ. ಅವುಗಳಿಗೆ ನಾವು ಋಣಿಗಳು.

ಯುನಿಕೋಡಿನಲ್ಲಾದರೋ ಕನ್ನಡಕ್ಕೆ 128 ಸ್ಥಾನಗಳು ಪ್ರತ್ಯೇಕವಾಗಿ ಮೀಸಲಾಗಿದ್ದು, ‘ಕ’ ಅಕ್ಷರದ ಸಂಖ್ಯೆಯು ಜಗತ್ತಿನ ಯಾವ ಯಂತ್ರದಲ್ಲಿಯೂ 3221 ಎಂದೇ ಇರುತ್ತದೆ. ಆದುದರಿಂದ ಹಳೆಯ ಬರಹವನ್ನು ಸಾಗಿಸುವುದರೊಂದಿಗೇ ಯುನಿಕೋಡಿಗೆ ಪರಿವರ್ತಿಸುವುದೂ ಆಗಬೇಕು. ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಅವುಗಳನ್ನು ಕಣ್ಣುಮುಚ್ಚಿ ನಂಬಲಾಗದು. ಕಡತದ ನಡುವೆ ಇಂಗ್ಲಿಷಿನ ಪದವೊಂದಿದ್ದರೆ ಅದನ್ನೂ ಅರ್ಥವಿಲ್ಲದ ಕನ್ನಡಾಕ್ಷರಗಳನ್ನಾಗಿ ಮಾಡಿಬಿಡುತ್ತವೆ. ಅರ್ಕಾವೊತ್ತು ಸ್ಥಾನ ತಪ್ಪುವುದೂ ಉಂಟು. ಹಳೆಯ ಯಂತ್ರವನ್ನೂ ಹೊಸ ಪ್ರತಿಯನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು, ಒಬ್ಬರು ಓದುತ್ತಿರಲು ಮತ್ತೊಬ್ಬರು ಸಾಲುಸಾಲಾಗಿ ತಾಳೆ ನೋಡುವುದಲ್ಲದೆ ಅನ್ಯ ಮಾರ್ಗವನ್ನು ನಾನು ಕಾಣೆ. ಬರೆದವರು ಬದುಕಿದ್ದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಪರಮೋತ್ತಮ. ಊರಿನ ಕೆರೆಯ, ಹೊಲದ, ಮನೆತನದ ಹೆಸರುಗಳು ಕೆಟ್ಟಿದ್ದರೆ ಬೇರೆ ಯಾರು ತಿದ್ದಬಲ್ಲರು?

ನಮ್ಮ ಸಾರ್ವಜನಿಕ ಗ್ರಂಥಾಲಯಗಳೂ ಕಾಲೇಜುಗಳ ಕನ್ನಡ ವಿಭಾಗಗಳೂ ಈ ಫಾಂಟುಗಳಿರುವ ಹಳೆಯ ಯಂತ್ರವೊಂದನ್ನು ಸುಸ್ಥಿತಿಯಲ್ಲಿಟ್ಟು, ಕಡತ ತಂದವರಿಗೆ ನೆರವಾಗಲೆಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಇನ್ನೂ ಅರುವತ್ತು ಪುಟಗಳನ್ನು ತಾಳೆ ನೋಡುವುದು ಬಾಕಿಯಿದೆ. ಅದು ಮುಗಿಯುವವರೆಗೆ ಹಳೆಯ ಲ್ಯಾಪ್‌ಟಾಪು ತಂದೆಯವರ ಮೇಜಿನ ಮೇಲೆಯೇ ಇರುತ್ತದೆ.